ಟ್ಯಾಂಕಿನ ತಳದ ತಾಮ್ರದ ದುಡ್ಡು

ಉಪ್ಪುನೀರಿನ ಟ್ಯಾಂಕಿಗೆ ಸೋಪು ತಾಗಿಸಬಾರದು. ಊದುಬತ್ತಿ ಹಚ್ಚಿದ ಕೈಯನ್ನು ನೀರಿಗೆ ಅದ್ದಬಾರದು. ಸೊಳ್ಳೆ ಔಷಧಿ ಹೊಡೆಯುವ ಕೋಣೆಯಲ್ಲಿ ಅದನ್ನು ತೆರೆದಿಡಬಾರದು. ಇಂಥ ‘ಬಾರದು’ಗಳನ್ನು ಗಿರಾಕಿಗಳ ಮುಂದೆ ಒದರಿ ಒದರಿ ಗಂಗಾವತಿಯಲ್ಲಿ ನನಗೆ ಕೆಟ್ಟ ಹೆಸರೇ ಬಂದಿದೆ. ನನ್ನ ಹೆಂಡತಿಯಂತೂ, "ನೀವು ಮೀನ ಮಾರಾಕ ಅಂಗಡಿ ತಗದೀರೋ, ಮಂದಿಗೆ ಬೈಯಾಕ ತಗದೀರೋ?" ಎಂದು ಕೇಳುತ್ತಾಳೆ. ಇಷ್ಟು ಬಾಯಿ ಇರುವ ನಾನು, ಬಾಯಿ ಬಿಡಲೇಬೇಕಾಗಿದ್ದ ಒಂದು ಹೊತ್ತಿನಲ್ಲಿ ತುಟಿ ಬಿಚ್ಚಲಿಲ್ಲ. ಆ ಬೇಸಿಗೆಯ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ.

ಫೋನ್ ಬಂದದ್ದು ಯಲಬುರ್ಗಾದಿಂದ. ಮಾಡಿದವರು ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಊರೆಲ್ಲ ಅವರನ್ನು ಸಿಸ್ಟರ್ ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಹುಟ್ಟಿದ್ದು ಕಾರವಾರದ ಕಡೆಯ ಮೀನುಗಾರರ ಮನೆಯಲ್ಲಿ. ಮೂವತ್ತು ವರ್ಷಗಳ ಹಿಂದೆ ನೌಕರಿಗೆ ಬಂದವರು ಈ ಊರಿನವರನ್ನೇ ಮದುವೆಯಾಗಿ, ಈ ಊರಿನ ಮಾತನ್ನೇ ಆಡುತ್ತ ಇಲ್ಲೇ ಉಳಿದರು. ಪತಿ ತೀರಿಕೊಂಡ ಮೇಲೆ ಮನೆಯಲ್ಲಿರುವುದು ಅವರು ಮತ್ತು ಅವರ ಅತ್ತೆ. ಅತ್ತೆಗೆ ಎಂಬತ್ತು ದಾಟಿದೆ. ಮೀನು ಮುಟ್ಟದ ಮನೆ ಅದು. ಸೊಸೆ ಕಡಲಿನವಳು ಎಂಬುದನ್ನು ಆ ಮುದುಕಿ ಬಹಳ ವರ್ಷ ನುಂಗಿಕೊಳ್ಳಲಾರದೆ ಇದ್ದರಂತೆ.

"ಟ್ಯಾಂಕ್ ಸೋರಾಕತ್ತೈತ್ರಿ," ಎಂದರು ಸಿಸ್ಟರ್. "ಮೂಲ್ಯಾಗಿಂದ ನೀರು ದಾರದಂಗ ಇಳ್ಯಾಕತ್ತೈತಿ. ಎಲ್ಲಾನೂ ಟಬ್ಬಿನ್ಯಾಗ ಹಾಕೀನಿ. ಲಗೂನ ಬರ್ರಿ."

ಯಲಬುರ್ಗಾದ್ದು ಎರೆ ಮಣ್ಣು. ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ಕಟ್ಟಿದ ಮನೆ ಒಂದೇ ಕಡೆ ಕೂತಿರುವುದಿಲ್ಲ. ಹೋಗಿ ಮಟ್ಟ ಇಟ್ಟು ನೋಡಿದರೆ ಟ್ಯಾಂಕಿನ ಕೆಳಗಿನ ನೆಲ ಒಂದು ಬದಿಗೆ ಬೆರಳಿನಷ್ಟು ಕುಸಿದಿತ್ತು. ಭಾರವೆಲ್ಲ ಒಂದೇ ಮೂಲೆಗೆ ಬಿದ್ದು ಗಾಜಿನ ಬೆಸುಗೆ ಬಿಟ್ಟಿತ್ತು, ತಳದ ಗಾಜಿಗೆ ಕೂದಲೆಳೆಯಂಥ ಸೀಳೂ ಬಂದಿತ್ತು. ಅದು ಇನ್ನು ರಿಪೇರಿಗೆ ಬರುವಂತಿರಲಿಲ್ಲ.

ಟಬ್ಬಿನಲ್ಲಿದ್ದವು ಹೀಗೆ: ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಎರಡು ಕ್ಲೌನ್ ಮೀನು, ಒಂದು ಕೆಂಪು ಸಿಗಡಿ, ಐದಾರು ಬಸವನಹುಳು, ಕಡಲಿನ ಕಲ್ಲುಗಳು, ಮತ್ತು ಆ ಕಲ್ಲುಗಳಲ್ಲೊಂದಕ್ಕೆ ಅಂಟಿಕೊಂಡ ಒಂದು ಕಡಲಹೂವು. ಹೆಸರಷ್ಟೇ ಹೂವು, ಅದು ಪ್ರಾಣಿ. ಕಲ್ಲಿಗೆ ಕಾಲೂರಿ, ಬೆರಳಿನಂಥ ಎಳೆಗಳನ್ನು ನೂರಾರು ಬಿಚ್ಚಿ ನೀರಲ್ಲಿ ಆಡಿಸುತ್ತದೆ. ಮೀನುಗಳೆರಡೂ ಅದರ ಎಳೆಗಳೊಳಗೇ ಮಲಗುತ್ತವೆ. ಹನ್ನೊಂದು ವರ್ಷಗಳ ಹಿಂದೆ ಸಿಸ್ಟರ್ ಅವರ ತಮ್ಮ, ಕಡಲು ಇಳಿದಾಗ ಬಂಡೆಯ ಸಂದಿಯಿಂದ ಅದನ್ನು ಎಬ್ಬಿಸಿ, ಹಾಲಿನ ಕ್ಯಾನಿನಲ್ಲಿ ಕಡಲ ನೀರು ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅಕ್ಕನಿಗೆ ತಂದುಕೊಟ್ಟಿದ್ದ. ಆ ತಮ್ಮ ಈಗಿಲ್ಲ. ಸಿಸ್ಟರ್ ಅವರಿಗೂ ಸೊಂಟದ ಆಪರೇಶನ್ ಆದಮೇಲೆ ಅಷ್ಟು ದೂರ ಕೂತು ಹೋಗಲಾಗುವುದಿಲ್ಲ.

"ಮೀನು ಹೋದ್ರ ಹುಬ್ಬಳ್ಳ್ಯಾಗ ಸಿಗ್ತಾವ್ರಿ," ಎಂದರು ಅವರು, ಟಬ್ಬಿನ ಅಂಚು ಹಿಡಿದು ಬಗ್ಗಿ. "ಇದು ಹೋದ್ರ ಮುಗೀತು. ನಮ್ಮ ತಮ್ಮ ಮತ್ತ ಬರಂಗಿಲ್ಲ."

ಹೊಸ ಟ್ಯಾಂಕು ಮಾಡಿಸಿ ತರಲು ತಿಂಗಳು ಬೇಕು. ಅಷ್ಟರಲ್ಲಿ ನನಗೆ ನೆನಪಾದದ್ದು ಗಂಗಾವತಿಯ ಹೊರಗೆ ಮುಚ್ಚಿಹೋದ ಒಂದು ಹೋಟೆಲು. ಅದರ ಹಿಂದಿನ ಶೆಡ್ಡಿನಲ್ಲಿ ನಾಲ್ಕಡಿಯ ದಪ್ಪ ಗಾಜಿನ ಟ್ಯಾಂಕು ಬಿದ್ದಿತ್ತು. ಅದೂ ಉಪ್ಪುನೀರಿನದೇ. ಎರಡು ವರ್ಷದಿಂದ ಒಣಗಿ, ಅದರ ಮೇಲೆ ಸಿಮೆಂಟ್ ಚೀಲ ಒಟ್ಟಿದ್ದರು. ಮಾಲೀಕರು ಒಯ್ಯಿರಿ ಎಂದರು. ತಂದು ನನ್ನ ಮನೆಯ ಮಾಳಿಗೆಯ ಮೇಲೆ ಇಳಿಸಿದೆ. ನೋಡಿದರೆ ಅಳು ಬರಬೇಕು, ಹಾಗಿತ್ತು. ತಳದಲ್ಲಿ ಗಟ್ಟಿಯಾದ ಮರಳು, ಗಾಜಿನ ತುಂಬ ಬಿಳಿ ಪೊರೆ, ನಡುನಡುವೆ ಒಣಗಿದ ನೇರಳೆ ಬಣ್ಣದ ಹಕ್ಕಳೆ, ಮೂಲೆಯಲ್ಲಿ ಸತ್ತ ಹಲ್ಲಿ.

ಬಿಳಿ ಪೊರೆ ಎಂದರೆ ಎರಡು ಜಾತಿ. ಒಂದು ಬರೀ ಉಪ್ಪು, ನೀರು ಹಾಕಿ ಬಿಟ್ಟರೆ ಕರಗುತ್ತದೆ. ಇನ್ನೊಂದು ಸುಣ್ಣ, ಅದು ನೀರಿಗೆ ಜಗ್ಗುವುದಿಲ್ಲ. ಮೊದಲು ಮರಳು ಕೆದರಿ ತೆಗೆದೆ. ತಣ್ಣೀರು ತುಂಬಿ ಒಂದಿಡೀ ದಿನ ಬಿಟ್ಟು ಚೆಲ್ಲಿದೆ. ಆಮೇಲೆ ಒಂದು ಪಾಲು ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ, ಹಳೆ ಬನಿಯನ್ ಬಟ್ಟೆ ಅದ್ದಿ ಗಾಜಿಗೆ ಅಂಟಿಸುತ್ತ ಹೋದೆ. ಅರ್ಧ ಗಂಟೆಗೆ ಸುಣ್ಣ ಮೆತ್ತಗಾಗುತ್ತದೆ, ಆಗ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆಯಬೇಕು. ಬ್ಲೇಡು ಗಾಜಿನ ನಡುವಿಗೆ ಸರಿ, ಬೆಸುಗೆಯ ಹತ್ತಿರ ಒಯ್ದರೆ ಬೆಸುಗೆ ಕಿತ್ತುಬರುತ್ತದೆ. ಹೆಂಡತಿ ಮೇಲೆ ಬಂದವಳು ಒಂದು ಹೊತ್ತು ನೋಡಿ, "ಹುಣಸಿಹಣ್ಣು ಹಚ್ಚಿ ತಿಕ್ಕರಿ, ದೇವರ ಸಾಮಾನ ಆದಂಗ ಆಗ್ತೈತಿ," ಎಂದಳು. ತಂತಿಯ ಜುಂಜನ್ನೂ ಕೈಯಲ್ಲಿ ಹಿಡಿದೇ ಬಂದಿದ್ದಳು.

"ಆ ಜುಂಜು ಒಳಗ ತಂದೀ ಅಂದ್ರ ನೋಡು," ಎಂದು ರೇಗಿದೆ. "ಅದರ ಒಂದು ಎಳಿ ಉಳಿದ್ರೂ ತುಕ್ಕು ಬಿಡ್ತೈತಿ."

"ಅಯ್ಯ, ನನಗೇನಾಗಬೇಕೈತಿ," ಎಂದು ಜುಂಜು ಎತ್ತಿಕೊಂಡು ಇಳಿದುಹೋದಳು.

ಸುಣ್ಣ ಹೋದಮೇಲೆ ಬ್ಲೀಚಿಂಗ್ ಪುಡಿಯ ತಿಳಿನೀರು ತುಂಬಿ ಮತ್ತೊಂದು ದಿನ. ಅದನ್ನು ಚೆಲ್ಲಿ, ಕ್ಲೋರಿನ್ ಮುರಿಯುವ ಹರಳು ಹಾಕಿ ಮೂರು ಸಲ ತೊಳೆದು ಬಿಸಿಲಿಗೆ ಒಣಗಿಸಿದೆ. ಕಡೆಗೆ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಹೋಟೆಲಿನವರು ಆ ಟ್ಯಾಂಕಿನಲ್ಲಿ ಏನೇನು ಔಷಧಿ ಸುರಿದಿದ್ದರೋ ಯಾರಿಗೆ ಗೊತ್ತು. ಮೀನಿಗೆ ಬಿಳಿ ಚುಕ್ಕಿ ರೋಗ ಬಂದರೆ ತಾಮ್ರದ ಔಷಧಿ ಹಾಕುವುದು ರೂಢಿ. ತಾಮ್ರ ಮೀನಿಗೆ ಔಷಧಿ, ಆದರೆ ಕಡಲಹೂವಿಗೆ, ಸಿಗಡಿಗೆ, ಬಸವನಹುಳುವಿಗೆ ಅದೇ ವಿಷ. ಕಣ್ಣಿಗೆ ಕಾಣದಷ್ಟು ಸಾಕು. ಹಾಗಾಗಿ ಟ್ಯಾಂಕಿನ ತಳದಲ್ಲಿ ಉಪ್ಪುನೀರು ನಿಲ್ಲಿಸಿ, ಒಂದು ದಿನ ಬಿಟ್ಟು, ಅದರಲ್ಲಿ ಸ್ವಲ್ಪ ಪರೀಕ್ಷಾ ನಳಿಗೆಗೆ ತೆಗೆದು ತಾಮ್ರ ತೋರಿಸುವ ಹನಿ ಬಿಟ್ಟೆ. ತಾಮ್ರವಿದ್ದರೆ ನೀರು ನೀಲಿಯಾಗುತ್ತದೆ. ಆಗಲಿಲ್ಲ. ಎರಡನೇ ಸಲವೂ ಮಾಡಿದೆ, ನೀರು ನೀರಿನಂತೆಯೇ ಇತ್ತು. ಆ ದಿನ ನನ್ನನ್ನು ನಾನೇ ಶಭಾಶ್ ಎಂದುಕೊಂಡೆ.

ಅಷ್ಟರಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಫೋನು. "ಕರೆಂಟ್ ಹೋಗಿ ಎರಡು ತಾಸಾತ್ರಿ, ಬ್ಯಾಟರಿ ಪಂಪ್ ಹಚ್ಚೀನಿ." "ಟಬ್ಬಿನ ನೀರು ಕಾದೈತ್ರಿ, ಐಸ್ ಮಾಡಿದ ಬಾಟ್ಲಿ ಬಿಟ್ಟೀನಿ." "ಹೂವು ಮುಷ್ಟ್ಯಾಗೈತ್ರಿ, ಬಿಚ್ಚವಲ್ದು." ಸಣ್ಣ ಟಬ್ಬು, ನಲವತ್ತು ದಾಟಿದ ಬಿಸಿಲು. ಇಲ್ಲಿ ಕೂತು ನಾನೇನು ಮಾಡಲಿ? "ನೀರು ಬದಲಸ್ರಿ, ಉಪ್ಪು ಲೀಟರಿಗೆ ಮೂವತ್ತೈದು ಗ್ರಾಮಿಗೆ ನಿಲ್ಸ್ರಿ, ಧೈರ್ಯ ತಗೋರ್ರಿ," ಎನ್ನುವುದು ಬಿಟ್ಟರೆ ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಅವಸರದಲ್ಲೇ ಎಡವಿದೆ. ಗಾಜಿನ ಬೆಸುಗೆಯ ಹಳೆ ಸಿಲಿಕಾನ್ ಕೊಯ್ದು ಹೊಸದು ಎಳೆದಿದ್ದೆ, ಆ ಟ್ಯೂಬು ಹಳೆಯದು. ಅಂಗಡಿಯ ಕಪಾಟಿನಲ್ಲಿ ಎಷ್ಟು ಕಾಲದಿಂದ ಇತ್ತೋ, ತಾರೀಖು ನೋಡಲಿಲ್ಲ. ಎರಡು ದಿನ ಒಣಗಿಸಿ ನೀರು ತುಂಬಿಸಿದರೆ ಸಂಜೆಗೆ ಒಂದು ಮೂಲೆ ಬೆವರಿತು. ಉಗುರಿನಿಂದ ಒತ್ತಿದರೆ ಸಿಲಿಕಾನು ಅಂಟಿನಂತೆ ಬೆರಳಿಗೆ ಬಂತು. ಬೇರೆ ಟ್ಯೂಬು ತರಲು ಹೋದರೆ, ಸಾಮಾನಿನ ಅಂಗಡಿಗಳಲ್ಲಿ ಇದ್ದದ್ದೆಲ್ಲ ಬಚ್ಚಲಮನೆಗೆ ಹಚ್ಚುವ, ಬೂಸ್ಟು ತಡೆಯುವ ಔಷಧಿ ಬೆರೆತದ್ದು. ಅದು ಮೀನಿಗೂ ಆಗದು, ಹೂವಿಗೂ ಆಗದು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತರಿಸಿ, ಎಲ್ಲ ಕಿತ್ತು, ಮತ್ತೆ ಎಳೆದು, ಮತ್ತೆ ಒಣಗಿಸುವಷ್ಟರಲ್ಲಿ ಮೂರು ದಿನ ಹೋಯಿತು. ಸಿಸ್ಟರ್ ಅವರಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ.

"ಇರ್ಲಿ ಬಿಡ್ರಿ," ಎಂದರು. ಆಮೇಲೆ, "ಹೂವಿನ ಕಾಲು ಇನ್ನೂ ಕಲ್ಲು ಹಿಡದೈತ್ರಿ. ಕಲ್ಲು ಬಿಡೂದ್ರೊಳಗ ಬರ್ರಿ," ಎಂದರು.

ಹತ್ತನೆಯ ದಿನ ಟ್ಯಾಂಕನ್ನು ಹಳೆ ಗಾದಿಯ ನಡುವೆ ಇಟ್ಟು ಸಣ್ಣ ಟೆಂಪೊದಲ್ಲಿ ಹೊರಟೆ. ಹೇಮಗುಡ್ಡದ ದೇವಿಯ ಗುಡಿ ದಾಟುವಾಗ ಡ್ರೈವರ್ ಸ್ಟೀರಿಂಗ್ ಬಿಟ್ಟು ಎರಡೂ ಕೈ ಮುಗಿದ. "ದೇವಿಗೆ ಒಂದು ಕೈಲೆ ಮುಗಿದ್ರೂ ನಡಿತೈತಿ ಮಾರಾಯ," ಎಂದು ಅವನಿಗೂ ಒಂದು ಬೈಗುಳ ಹಾಕಿದೆ. ಯಲಬುರ್ಗಾದಲ್ಲಿ ಕುಸಿದ ನೆಲದ ಮೇಲೆ ಕುಷ್ಟಗಿಯ ಗ್ರಾನೈಟ್ ಚಪ್ಪಡಿ ಹಾಸಿ, ಮಟ್ಟ ನೋಡಿ, ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಟ್ಯಾಂಕು ಕೂಡಿಸಿದೆವು. ಬೋರಿನ ನೀರು ಅಲ್ಲಿ ಬಿಳಿಯ ಕಲೆ ಬಿಡುವಷ್ಟು ಗಡಸು. ಶುದ್ಧ ನೀರಿನ ಘಟಕದಿಂದ ಹದಿಮೂರು ಕ್ಯಾನು ಮೊದಲೇ ತರಿಸಿದ್ದೆವು. ಹಿಂದಿನ ದಿನವೇ ಸಿಸ್ಟರ್ ಡ್ರಮ್ಮಿನಲ್ಲಿ ಉಪ್ಪು ಕಲಸಿಟ್ಟಿದ್ದರು. ಹೊಸ ಮರಳು ತೊಳೆದು ಹಾಸಿ, ನೀರು ಬಿಟ್ಟು, ಪಂಪು ತಿರುಗಿಸಿದೆ. ಕಲ್ಲು, ಹೂವು, ಮೀನು ಇನ್ನೂ ಟಬ್ಬಿನಲ್ಲೇ ಇದ್ದವು. ಟ್ಯಾಂಕಿನ ನೀರು ತಿಳಿಯಾಗಲೆಂದು ಕಾಯುತ್ತಿದ್ದೆವು.

ಆಗ ಒಳಗಿನಿಂದ ಮುದುಕಿ ಬಂದರು. ಕೈಯಲ್ಲಿ ತಟ್ಟೆ. ಅದರಲ್ಲಿ ಅರಿಷಿಣ, ಕುಂಕುಮ, ಊದುಬತ್ತಿ, ಒಂದು ಕಾಯಿ, ನಾಲ್ಕು ದಾಸವಾಳ. ಸಿಸ್ಟರ್ ಎದ್ದು ನಿಂತರು.

ನಮ್ಮ ಕಡೆ ಬಾವಿಗೆ, ಬೋರಿಗೆ, ಮನೆಯ ಹೊಸ ಹೌದಿಗೆ ಮೊದಲ ಸಲ ನೀರು ಬಂದಾಗ ಗಂಗಿಪೂಜೆ ಮಾಡುತ್ತಾರೆ. ಹನ್ನೊಂದು ವರ್ಷ ಈ ಟ್ಯಾಂಕಿನ ಕಡೆಗೆ ಮುಖ ತಿರುಗಿಸಿದ್ದ ಮುದುಕಿ ಈಗ ಅದಕ್ಕೂ ಗಂಗಿಪೂಜೆ ಮಾಡಲು ಬಂದಿದ್ದರು. ನಾನು ಸುಮ್ಮನಿದ್ದೆನೆಂದು ತಿಳಿಯಬೇಡಿ. "ಅಮ್ಮಾರ, ಅರಿಷಿಣ ಕುಂಕುಮ ನೀರಾಗ ಹಾಕಬ್ಯಾಡ್ರಿ, ಹೊರಗ ಗಾಜಿಗೆ ಹಚ್ರಿ. ಊದುಬತ್ತಿ ದೂರ ಇಡ್ರಿ. ಹೂವು ಮ್ಯಾಲ ಇಡ್ರಿ, ಒಳಗ ಬ್ಯಾಡ," ಎಂದು ಒಂದೊಂದಕ್ಕೂ ಕಡ್ಡಿ ಆಡಿಸಿದೆ. ಅವರು ಒಂದಕ್ಕೂ ಬೇಸರ ಮಾಡಿಕೊಳ್ಳದೆ ಹೇಳಿದಂತೆಯೇ ಮಾಡಿದರು. ಕಾಯಿ ಕೂಡ ಹೊಸ್ತಿಲ ಆಚೆ ಒಡೆದರು.

ಸಿಸ್ಟರ್ ನನ್ನ ಹತ್ತಿರ ಬಂದು ಪಿಸುಮಾತಿನಲ್ಲಿ, "ಮೂವತ್ತು ವರ್ಷದಾಗ ನಮ್ಮ ಕಡೀದು ಒಂದು ಸಾಮಾನಿಗೆ ಅತ್ತಿ ಕುಂಕುಮ ಹಚ್ಚಿದ್ದು ಇದಽ ಮೊದಲ್ರಿ," ಎಂದರು. ಕಣ್ಣು ತುಂಬಿದ್ದವು. ಸೆರಗಿನಿಂದ ಒರೆಸಿಕೊಳ್ಳುತ್ತ ಟ್ಯಾಂಕಿನ ಆಚೆ ಬದಿಗೆ ಹೋಗಿ ನಿಂತರು.

ಮುದುಕಿ ಸೊಂಟದ ಸಂಚಿ ಬಿಚ್ಚಿ ಒಂದು ದುಡ್ಡು ತೆಗೆದರು. ಕಪ್ಪಗೆ, ಕಂದಗೆ, ಅಂಚು ಸವೆದದ್ದು. ನಿಜಾಮರ ಕಾಲದ ತಾಮ್ರದ ದುಡ್ಡು. "ನಮ್ಮತ್ತಿ ಐದು ಕೊಟ್ಟಿದ್ಲು, ತಮ್ಮಾ. ಎರಡು ಬಾವಿಗೆ ಹೋದವು. ಮೂರು ಉಳಿದಾವು," ಎಂದು ನನಗಷ್ಟೇ ಕೇಳುವಂತೆ ಹೇಳಿ ತೋರಿಸಿದರು. ತೋರಿಸಿ, ಕಣ್ಣಿಗೊತ್ತಿಕೊಂಡು, ತೋಳೇರಿಸಿ ನೀರಿಗೆ ಕೈಹಾಕಿ ಮೂಲೆಯ ಮರಳೊಳಗೆ ಅದನ್ನು ಹುಗಿದರು. ಸಿಸ್ಟರ್‌ಗೆ ಆಚೆ ಬದಿಯಿಂದ ದುಡ್ಡು ಹಾಕಿದ್ದು ಕಂಡಿತು, ಯಾವ ದುಡ್ಡು ಎಂಬುದು ಕಾಣಲಿಲ್ಲ.

ನನಗೆ ಕಂಡಿತ್ತು. ಕೈ ತಾನಾಗಿ ನೀರಿನ ಕಡೆ ಹೋಯಿತು.

"ತಗೀಬ್ಯಾಡಪಾ," ಎಂದರು ಮುದುಕಿ. "ಗಂಗಿಗೆ ಕೊಟ್ಟದ್ದು ಕೊಟ್ಟಂಗ. ತಿರುಗಿ ತಗದ್ರ ಮನಿಗೆ ಛಲೋ ಅಲ್ಲ."

ಒಂದು ಮಾತು ಸಾಕಿತ್ತು. ‘ಅಮ್ಮಾರ, ತಾಮ್ರ ಆಗಂಗಿಲ್ಲ, ಒಂದು ರೂಪಾಯಿ ಬಿಲ್ಲೆ ಹಾಕ್ರಿ’ ಎಂದಿದ್ದರೆ ಮುಗಿಯುತ್ತಿತ್ತು. ಊದುಬತ್ತಿಗೆ ಗದರಿಸಿದವನಿಗೆ ಇದು ಏನು ಕಷ್ಟ? ಆದರೆ ಎದುರಿಗೆ ಸಿಸ್ಟರ್ ಅವರ ಮುಖ ಇತ್ತು. ಆ ಮುಖ ನೋಡಿಕೊಂಡು, ಮುದುಕಿ ಕೊಟ್ಟದ್ದು ವಿಷ ಎಂದು ಹೇಳಲು ನನ್ನಿಂದಾಗಲಿಲ್ಲ. ಮುದುಕಿ ಒಳಗೆ ಹೋದಮೇಲೆ ಚಿಮಟಿಗೆಯಿಂದ ತೆಗೆದರಾಯಿತು ಎಂದುಕೊಂಡೆ. ಅವರು ಹೋಗಲೇ ಇಲ್ಲ. ಟ್ಯಾಂಕಿನ ಮುಂದೆಯೇ ಹೊರಸು ಹಾಕಿಸಿಕೊಂಡು, ಕಲ್ಲು ಇಡುವುದನ್ನು, ಮೀನು ಬಿಡುವುದನ್ನು ಮಕ್ಕಳ ಹಾಗೆ ನೋಡುತ್ತ ಕೂತರು. ಟಬ್ಬಿನ ನೀರಿಗೆ ಟ್ಯಾಂಕಿನ ನೀರು ಲೋಟ ಲೋಟವಾಗಿ ಬೆರೆಸಿ ಹೊಂದಿಸಿ, ಎಲ್ಲವನ್ನೂ ಇಳಿಸುವಷ್ಟರಲ್ಲಿ ಟೆಂಪೊ ಮರಳಿಹೋಗಿ ಕೊಪ್ಪಳದ ಬಸ್ಸಿನ ಹೊತ್ತಾಗಿತ್ತು. ನಾಡಿದ್ದು ಬಂದು ತೆಗೆಯುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತಿದೆ.

ಹೋಗಬೇಕೆಂದಿದ್ದ ದಿನವೇ ಫೋನು ಬಂತು. "ಹೂವು ಬಿಚ್ಚೇತ್ರಿ! ಊಟದ ತಾಟಿನಷ್ಟು ಆಗೇತಿ! ಅತ್ತಿ ಮುಂಜಾನಿಂದ ಅದರ ಮುಂದನ ಕುಂತಾರ!" ಅವರ ನಗು ಕೇಳಿ ನನಗೂ ನಗು ಬಂತು. ಬಂದದ್ದೇ ತಪ್ಪಾಯಿತು. ಒಂದು ಸವೆದ ದುಡ್ಡು, ಇನ್ನೂರೈವತ್ತು ಲೀಟರ್ ನೀರು, ಏನಾಗುತ್ತದೆ ಬಿಡು ಎಂದಿತು ಮನಸ್ಸು. ಒಂದು ಆಸ್ಪತ್ರೆಯ ಟ್ಯಾಂಕಿನ ಕೆಲಸ ಬಂತು. ಮದುವೆಯ ಮನೆಯೊಂದರಿಂದ ಕರೆ ಬಂತು. ನಾನು ಹೋಗಲಿಲ್ಲ. ಯಾವ ಗಿರಾಕಿಯಾದರೂ ಹೀಗೆ ಮಾಡಿದ್ದರೆ ಅಂಗಡಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ.

ಆರನೆಯ ದಿನ, "ಎರಡು ಬಸವನಹುಳ ಮಗ್ಗಲಾ ಬಿದ್ದಾವ್ರಿ," ಎಂದರು. ಜಾಗ ಹೊಸದು, ಹೊಂದಿಕೊಳ್ಳುತ್ತವೆ ಎಂದೆ. ಎಂಟನೆಯ ದಿನ ಬೆಳಿಗ್ಗೆ, "ಸಿಗಡಿ ಪೊರಿ ಬಿಡಾಕ ಹೋಗಿ ಅರ್ಧಕ್ಕ ಸತ್ತೈತ್ರಿ. ಹೂವಿನ ಬಾಯಿ ತೆರದೈತಿ," ಎಂದರು. ನನಗೆ ಎಲ್ಲ ಗೊತ್ತಾಗಿತ್ತು. ಅಂಗಡಿಯ ಬಾಗಿಲು ಅರ್ಧ ಎಳೆದು, ಪರೀಕ್ಷೆಯ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಕೊಪ್ಪಳದಲ್ಲಿ ಬಸ್ಸು ಬದಲಿಸುವಾಗ ಮಂಗಳೂರಿಗೆ ಹೋಗುವ ಬಸ್ಸು ನಿಂತಿತ್ತು. ಕಡಲಿನ ಮಂಗಳೂರಲ್ಲ, ಇಲ್ಲೇ ಯಲಬುರ್ಗಾ ಕಡೆಯ ನಮ್ಮ ಮಂಗಳೂರು. ಆ ಬೋರ್ಡು ನೋಡಿ ಮೈ ಉರಿಯಿತು. ಕಡಲಿನ ಹೆಸರು ಹತ್ತಿರವೇ ಇತ್ತು, ಕಡಲು ಮಾತ್ರ ಎಲ್ಲೂ ಇರಲಿಲ್ಲ.

ಹೋಗುವಷ್ಟರಲ್ಲಿ ಬಸವನಹುಳು ಒಂದೂ ಉಳಿದಿರಲಿಲ್ಲ, ಹೂವು ಕಲ್ಲು ಬಿಟ್ಟಿತ್ತು. ಪಂಪಿನ ಸೆಳೆತಕ್ಕೆ ಮೂಲೆಗೆ ಬಂದು ಮಗುಚಿ ಬಿದ್ದಿತ್ತು. ಎಳೆಗಳು ನೆನೆದ ಶಾವಿಗೆಯಂತೆ ಸೊರಗಿದ್ದವು. ಮೀನುಗಳೆರಡೂ ಅದರ ಮೇಲೆ ಸುತ್ತುತ್ತಿದ್ದವು, ಒಳಗೆ ಹೋಗಲು ಜಾಗ ಸಿಗುತ್ತಿರಲಿಲ್ಲ. ಮುದುಕಿ ಒಳಗೆ ಮಲಗಿದ್ದರು. ಸಿಸ್ಟರ್ ಟಬ್ಬಿಗೆ ಹೊಸ ಉಪ್ಪುನೀರು ಕಲಸಲು ಹಿತ್ತಲಿಗೆ ಹೋದರು. ನಾನು ನಳಿಗೆಗೆ ನೀರು ತೆಗೆದು ಹನಿ ಬಿಟ್ಟೆ. ಎಣಿಸುವ ಮೊದಲೇ ನೀಲಿಯಾಯಿತು. ಮಾಳಿಗೆಯ ಮೇಲೆ ಎರಡೆರಡು ಸಲ ನೋಡಿ ಶಭಾಶ್ ಎಂದುಕೊಂಡವನು ನಾನೇ. ನಳಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮರಳಿನಲ್ಲಿ ಬೆರಳಾಡಿಸಿ ದುಡ್ಡು ತೆಗೆದೆ. ಅಂಚೆಲ್ಲ ಹಸಿರು ಪುಡಿ. ಅಂಗಿಯ ಜೇಬಿಗೆ ಹಾಕಿಕೊಂಡೆ.

ಆಮೇಲೆ ಮಾಡಿದ್ದೆಲ್ಲ ಮಾಡಲೇಬೇಕಲ್ಲ ಎಂದು ಮಾಡಿದ್ದು. ಚೀಲದಲ್ಲಿ ಉಳಿದದ್ದು ಎರಡು ಕಿಲೋ ಉಪ್ಪು, ಟಬ್ಬಿಗೆ ಸಾಕು, ಟ್ಯಾಂಕಿಗೆ ಸಾಲದು. ಹೂವನ್ನು ಎರಡೂ ಅಂಗೈಯಲ್ಲಿ ಎತ್ತಿ, ಮೀನುಗಳನ್ನೂ ಹಿಡಿದು ಟಬ್ಬಿಗೆ ಇಳಿಸಿದೆವು. ತಾಮ್ರ ಹೀರಲೆಂದು ಇದ್ದಲ ಪುಡಿಯ ಚೀಲ ಕಟ್ಟಿ ನೀರು ಹಾಯಿಸಿದೆ. ಹುಬ್ಬಳ್ಳಿಗೆ ಫೋನ್ ಮಾಡಿದರೆ ಉಪ್ಪಿನ ಚೀಲ ನಾಳೆಯ ಬಸ್ಸಿಗೆ ಬರುತ್ತದೆ ಎಂದರು. ಅದು ಬರುವವರೆಗೆ ಟಬ್ಬಿನ ಎದುರು ಕೂತು ನೋಡುವುದೊಂದೇ ಉಳಿದ ಕೆಲಸ. ಮೈಯೊಳಗೆ ಹೋದ ತಾಮ್ರವನ್ನು ತೆಗೆಯುವ ಕೈ ಯಾರಿಗೂ ಇಲ್ಲ. ಅವತ್ತು ಊರಿಗೆ ಹೋಗದೆ ಯಲಬುರ್ಗಾದ ಒಂದು ಲಾಡ್ಜಿನಲ್ಲಿ ಉಳಿದೆ.

ಮರುದಿನ ಮುಂಜಾನೆ ಹೋದಾಗ ಸಿಸ್ಟರ್ ಟಬ್ಬಿನ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ನೀರಿಗೆ ಕೈಹಾಕಿ, ಹೂವಿನ ಕಾಲಿನ ಕೆಳಗೆ ಬೆರಳಿಟ್ಟು ತಡವಿ ನೋಡಿದರು. ರೋಗಿಯ ನಾಡಿ ಹಿಡಿದವರ ಹಾಗೆ ಬಹಳ ಹೊತ್ತು ಹಿಡಿದರು. ಆಮೇಲೆ ಕೈ ತೆಗೆದು, "ಹೋತ್ರಿ," ಎಂದರು.

ಸತ್ತ ಹೂವನ್ನು ನೀರಲ್ಲಿ ಬಿಡುವಂತಿಲ್ಲ, ಗಂಟೆಯೊಳಗೆ ಕೊಳೆತು ಮೀನನ್ನೂ ಕೊಲ್ಲುತ್ತದೆ. ಅದನ್ನು ಹೇಳಬೇಕಾಗಿ ಬಂದದ್ದೂ ನನಗೇ. ಅವರು ಹಳೆಯ ಸ್ಟೀಲ್ ಹಾಲಿನ ಕ್ಯಾನು ತಂದರು. ತಮ್ಮ ಹೂವು ತಂದದ್ದು ಅದೇ ಕ್ಯಾನಿನಲ್ಲಿ. ಅದರಲ್ಲಿ ಹಾಕಿಕೊಂಡು ಹಿತ್ತಲಿನ ಮೂಲೆಗೆ ಒಯ್ದೆವು. ಎರೆ ಮಣ್ಣು ಬಿರಿದು ಕಲ್ಲಾಗಿತ್ತು. ಹಾರೆಯಿಂದ ಅಗೆದು ಮುಚ್ಚಿದೆ.

"ಯಾಕ ಸತ್ತಿತ್ರಿ?" ಎಂದು ಕೇಳಿದರು ಸಿಸ್ಟರ್. ಹಿಂದೆ ಬಾಗಿಲಲ್ಲಿ ಮುದುಕಿ ನಿಂತಿದ್ದರು.

"ಬಿಸಲಿಗ್ರಿ, ಸಿಸ್ಟರ್," ಎಂದೆ. "ಟಬ್ಬಿನ್ಯಾಗ ಭಾಳ ದಿನ ಆತು."

ಸಿಸ್ಟರ್ ನನ್ನ ಮುಖವನ್ನೇ ನೋಡಿದರು. ಮುದುಕಿ, "ಗಂಗಿ ಒಪ್ಪಲಿಲ್ಲ ನೋಡಬೇ," ಎಂದು ಸೊಸೆಯ ಬೆನ್ನ ಮೇಲೆ ಕೈಯಿಟ್ಟರು.

ಮತ್ತೆ ಎಲ್ಲ ಮೊದಲಿನಿಂದ ಶುರುವಾಯಿತು. ತಾಮ್ರ ಕುಡಿದ ಮರಳು ಹೋಗಬೇಕು, ಕಲ್ಲುಗಳೂ ಹೋಗಬೇಕು. ಹನ್ನೊಂದು ವರ್ಷದ ಕಲ್ಲುಗಳನ್ನು ಎತ್ತಿ ಹೊರಗಿಡುವಾಗ ಸಿಸ್ಟರ್ ಒಂದನ್ನು ಮಾತ್ರ ಇಸಿದುಕೊಂಡು ಕಪಾಟಿನ ಮೇಲಿಟ್ಟರು. ಹೂವು ಕಾಲೂರಿದ್ದ ಕಲ್ಲದು. ನಾನು ಟ್ಯಾಂಕು ಬರಿದು ಮಾಡಿ ವಿನೆಗರ್ ನೀರು ತುಂಬಿಸಿ ಇಟ್ಟೆ, ಚೆಲ್ಲಿದೆ, ತೊಳೆದೆ, ಪರೀಕ್ಷೆ ಮಾಡಿದೆ. ತೆಳು ನೀಲಿ. ಮತ್ತೆ ತುಂಬಿಸಿದೆ, ಚೆಲ್ಲಿದೆ. ನಾಲ್ಕು ಸಲ ಯಲಬುರ್ಗಾಕ್ಕೆ ಹೋಗಿಬಂದೆ. ನಳಿಗೆಯ ನೀರು ನೀರಿನಂತೆ ನಿಲ್ಲುವಷ್ಟರಲ್ಲಿ ಮೂರು ವಾರ ಆಗಿತ್ತು. ಹೆಂಡತಿ ಈ ಸಲ ಚುಡಾಯಿಸಲಿಲ್ಲ. ಹೋಗುವ ದಿನ ಬುತ್ತಿ ಕಟ್ಟಿ ಕೈಗೆ ಕೊಡುತ್ತಿದ್ದಳು, ಅಷ್ಟೇ.

ಕಡೆಯ ದಿನ ನೀರು ತುಂಬಿ ಪಂಪು ತಿರುಗಿಸಿದೆ. ಎರಡು ಮೀನು ಮಾತ್ರ ಒಳಗೆ ಬಿಡುವುದಿತ್ತು. ಮುದುಕಿ ತಟ್ಟೆ ಹಿಡಿದು ಬಂದರು. ಅರಿಷಿಣ ಕುಂಕುಮ ಗಾಜಿನ ಹೊರಗೆ ಹಚ್ಚಿದರು, ಊದುಬತ್ತಿ ತಾವೇ ದೂರ ಇಟ್ಟರು. ನಾನು ಹೇಳಿದ್ದೆಲ್ಲ ಅವರಿಗೆ ನೆನಪಿತ್ತು. ಆಮೇಲೆ ಸಂಚಿ ಬಿಚ್ಚಿ ಎರಡು ದುಡ್ಡು ತೆಗೆದರು.

"ಹ್ವಾದ ಸಲ ಒಂದ ಹಾಕಿದ್ದೆ, ತಮ್ಮಾ. ಕೈ ಬಿಗಿ ಹಿಡಿದೆ. ಅದಕ ಗಂಗಿ ಒಪ್ಪಲಿಲ್ಲ. ಪಾಪ, ನಮ್ಮ ಸೊಸೀದು ಹೂವು ಹೋತು." ಅವರ ಕಣ್ಣಲ್ಲಿ ನೀರು ಬಂತು. "ಉಳಿದದ್ದ ಇಷ್ಟ. ಎರಡೂ ಕೊಟ್ಟುಬಿಡ್ತೀನಿ."

ಮೂರು ವಾರದಿಂದ ಆ ಮುದುಕಿ, ತಾನು ಕಡಿಮೆ ಕೊಟ್ಟೆ ಎಂದು ಕೊರಗುತ್ತಿದ್ದರು. ನಿಜ ಹೇಳಿದರೆ ಹೂವನ್ನು ಕೊಂದವಳು ತಾನು ಎಂದು ಅವರಿಗೆ ಗೊತ್ತಾಗುತ್ತದೆ. ಹೇಳದಿದ್ದರೆ ಮತ್ತೆ ಎರಡು ದುಡ್ಡು ನೀರಿಗೆ ಬೀಳುತ್ತವೆ. ಎಂದಾದರೂ ಸಿಸ್ಟರ್ ಇನ್ನೊಂದು ಹೂವು ತಂದರೆ ಅದೂ ಸಾಯುತ್ತದೆ.

"ಅಮ್ಮಾರ, ನನ್ನ ಕೈಯಾಗ ಕೊಡ್ರಿ," ಎಂದೆ. "ನಿಮ್ಮ ಕೈ ನಡುಗತೈತಿ. ನಾನ ತಳದಾಗ ಇಡ್ತೀನಿ."

ಅವರು ಕಣ್ಣಿಗೊತ್ತಿಕೊಂಡು ಕೊಟ್ಟರು. ನಾನು ಬೆನ್ನು ತಿರುಗಿಸಿ ದುಡ್ಡನ್ನು ಜೇಬಿಗೆ ಬಿಟ್ಟು, ಬರಿಯ ಮುಷ್ಟಿಯನ್ನು ನೀರಿಗಿಳಿಸಿ ಮರಳಿನ ಮೂಲೆಯಲ್ಲಿ ಬಿಚ್ಚಿದೆ. ಮುದುಕಿ ಕೈಮುಗಿದರು. ತಲೆಯೆತ್ತಿ ನೋಡಿದರೆ ಈ ಸಲ ಸಿಸ್ಟರ್ ಆಚೆ ಬದಿಯಲ್ಲಿರಲಿಲ್ಲ. ನನ್ನ ಪಕ್ಕದಲ್ಲೇ ನಿಂತಿದ್ದರು.

ಹೊರಡುವಾಗ ಗೇಟಿನವರೆಗೆ ಬಂದರು. "ಅವತ್ತ ಆ ನೀಲಿ ನಳಗಿ ಕಿಟಕ್ಯಾಗ ಮರತು ಹೋಗಿದ್ರಿ," ಎಂದರು. "ಆಸ್ಪತ್ರ್ಯಾಗ ಇದ್ದಾಕಿ ನಾನು. ನಳಗಿ ನೋಡಾಕ ಬರ್ತೈತಿ. ನೀವು ಬಿಸಲು ಅಂದ್ರಿ. ನಾನೂ ಅತ್ತಿಗೆ ಬಿಸಲು ಅಂತನ ಹೇಳೀನಿ. ಅವರಿಗೆ ಗೊತ್ತಾಗೂದು ಬ್ಯಾಡ."

ನನ್ನ ಕೈ ಜೇಬಿನ ಮೇಲೆ ಹೋಯಿತು.

"ನಾನು ಆ ದುಡ್ಡನ್ನ ರೂಪಾಯಿ ಅನ್ಕೊಂಡಿದ್ದೆ. ನೀವು ನೋಡಿದ್ರಿ. ಊದುಬತ್ತಿಗೂ ಬೈತೀರಿ ನೀವು. ಅವತ್ತ ಯಾಕ ಸುಮ್ಮನಿದ್ರಿ?"

ಸುಳ್ಳು ಇನ್ನೊಂದು ಉಳಿದಿರಲಿಲ್ಲ. "ನೀವು ಅವತ್ತ ಭಾಳ ಖುಷಿಯಾಗಿದ್ರಿ, ಸಿಸ್ಟರ್," ಎಂದೆ.

ಅವರು ಗೇಟಿನ ಚಿಲಕ ಹಿಡಿದು ನಿಂತರು. ಸಿಟ್ಟಾಗುತ್ತಾರೆ ಎಂದುಕೊಂಡೆ. ಆಗಿದ್ದರೆ ಒಳ್ಳೆಯದಿತ್ತು.

"ಹೌದ್ರಿ," ಎಂದರು. "ಆಗಿದ್ದೆ."

ಒಳಗಿನಿಂದ ಮುದುಕಿಯ ಧ್ವನಿ ಬಂತು. "ಲಗೂನ ಬಾರಬೇ! ಮೀನು ಎಷ್ಟು ಛಲೋ ಆಡಾಕತ್ತಾವ ನೋಡು. ಈ ಸಲ ಗಂಗಿ ಒಪ್ಯಾಳ!"

"ಬಂದೆ ಅತ್ತಿ," ಎಂದು ಸಿಸ್ಟರ್ ಒಳಗೆ ಹೋದರು. ನಾನು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಹೆಜ್ಜೆ ಇಟ್ಟಾಗಲೆಲ್ಲ ಜೇಬಿನಲ್ಲಿ ಎರಡು ದುಡ್ಡು ಒಂದಕ್ಕೊಂದು ತಾಗುತ್ತಿದ್ದವು.